ಲಕ್ವ ಹೊಡೆದ ಅಪ್ಪನಿಗೆ ಮನೆಯವರು ಎಷ್ಟು ಮಾಡಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಅಪ್ಪನಿಗೆ 62 ವರ್ಷ. ತಿಪಟೂರಿನ ಹತ್ತಿರ ನಮ್ಮದು ತೆಂಗಿನ ತೋಟ. ಎರಡು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಮೆದುಳಿನ ಎಡಭಾಗದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಹಾಕುತ್ತಾರೆ, ಆದರೆ ಬಲಗೈಗೆ ಶಕ್ತಿಯೇ ಇಲ್ಲ, ಮಾತೂ ಹೋಗಿದೆ. ನೀರು ಕುಡಿದರೆ ಕೆಮ್ಮುತ್ತಾರೆ. ಆಗಾಗ ಕಾರಣವಿಲ್ಲದೆ ಅಳುತ್ತಾರೆ. ತುತ್ತು ತಿನ್ನಿಸುವುದರಿಂದ ಹಿಡಿದು ಎಲ್ಲವನ್ನೂ ಅಮ್ಮ ಮಾಡುತ್ತಾರೆ. ನಾನು ಟೀಚರ್, ಶಾಲೆಗೆ ರಜೆ ಹಾಕಿ ಬಂದಿದ್ದೇನೆ. ತಮ್ಮ ಬೆಂಗಳೂರಿನಿಂದ ದಿನಾ ರಾತ್ರಿ ವಿಡಿಯೋ ಕಾಲ್ ಮಾಡಿ ಮಾತಾಡಿಸುತ್ತಾನೆ. ಚಿಕ್ಕಪ್ಪ ಪಾರಿವಾಳದ ರಕ್ತ ಹಚ್ಚಿಸೋಣ ಅಂತಾರೆ. ಇಷ್ಟೆಲ್ಲ ನೋಡಿಕೊಂಡರೂ ಯಾಕೆ ಬೇಗ ಸುಧಾರಿಸುತ್ತಿಲ್ಲ? ಮೊದಲಿನ ಹಾಗೆ ಆಗುತ್ತಾರಾ? ನಾನು ಕೆಲಸ ಬಿಡಬೇಕಾ?

ಉತ್ತರ: ಎಲ್ಲಕ್ಕಿಂತ ಮೊದಲು ಆ ಕೆಮ್ಮಿನ ವಿಷಯ. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲಿನಲ್ಲಿ ಬಂದು ಹೋಗಿದೆ, ಆದರೆ ಅದನ್ನು ನಾಳೆಗೆ ಬಿಡುವ ಹಾಗಿಲ್ಲ. ಲಕ್ವ ಕೈಕಾಲಿಗೆ ಮಾತ್ರ ಹೊಡೆಯುವುದಿಲ್ಲ, ನುಂಗುವ ಸ್ನಾಯುಗಳಿಗೂ ಹೊಡೆಯುತ್ತದೆ. ನೀರು ಹೊಟ್ಟೆಗೆ ಹೋಗುವ ಬದಲು ಶ್ವಾಸನಾಳದ ಕಡೆಗೆ ಇಳಿದಾಗ ಕೆಮ್ಮು ಬರುತ್ತದೆ. ಹೀಗೆ ಇಳಿದದ್ದು ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗಬಹುದು. ಲಕ್ವ ಆದವರನ್ನು ಮತ್ತೆ ಆಸ್ಪತ್ರೆಗೆ ಸೇರಿಸುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಈ ವಾರವೇ ನುಂಗುವಿಕೆಯ ಪರೀಕ್ಷೆ ಮಾಡಿಸಿ. ಇದನ್ನು ನೋಡುವವರು ಸ್ಪೀಚ್ ಥೆರಪಿಸ್ಟ್. ಮಾತಿಗೂ ನುಂಗುವುದಕ್ಕೂ ಅವರೇ, ಇದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಅಲ್ಲಿಯವರೆಗೆ ಒಂದಿಷ್ಟು ಎಚ್ಚರ ಬೇಕು. ಮಲಗಿಸಿಕೊಂಡು ಅಥವಾ ಒರಗಿಸಿಕೊಂಡು ಏನನ್ನೂ ಕುಡಿಸಬೇಡಿ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಒಂದೊಂದೇ ಗುಟುಕು ಕೊಡಿ. ಊಟ ಆದ ಮೇಲೆ ಅರ್ಧ ಗಂಟೆ ಹಾಗೇ ಕೂತಿರಲಿ. ಬಲಗೆನ್ನೆಯ ಒಳಗೆ ತುತ್ತು ಉಳಿದಿರುತ್ತದೆ, ಅವರಿಗೆ ಅದರ ಅರಿವೇ ಇರುವುದಿಲ್ಲ. ಬಾಯಿ ತೆರೆಸಿ ನೋಡಿ, ಮುಕ್ಕಳಿಸುವುದು ಕಷ್ಟವಾದರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ನಿಮ್ಮ ಕಡೆ ಮುದ್ದೆ ಇಲ್ಲದ ದಿನ ಇರುವುದಿಲ್ಲ ಎಂದು ಗೊತ್ತು. ಆದರೆ ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ಹಾಗೇ ನುಂಗುತ್ತೇವೆ. ಈಗ ಅವರಿಗೆ ಅದು ಅಪಾಯ. ಪರೀಕ್ಷೆ ಆಗುವವರೆಗೆ ಬೇಡವೇ ಬೇಡ. ತಿಳಿ ಸಾರು ಸುರಿದ ಅನ್ನವೂ ಕಷ್ಟವೇ, ಅಗುಳು ಬಾಯಲ್ಲಿರುವಾಗಲೇ ಸಾರು ಹಿಂದಕ್ಕೆ ಜಾರಿಬಿಡುತ್ತದೆ. ಗಟ್ಟಿ ಅಂಬಲಿ, ಗಟ್ಟಿ ಮೊಸರಲ್ಲಿ ಚೆನ್ನಾಗಿ ಹಿಸುಕಿದ ಮೆತ್ತನೆ ಅನ್ನ ಸಾಮಾನ್ಯವಾಗಿ ಸುಲಭ. ಅದಕ್ಕೂ ಕೆಮ್ಮಿದರೆ, ಊಟವಾದ ಮೇಲೆ ದನಿ ಗೊರಗೊರ ಅಂದರೆ ಅಥವಾ ಜ್ವರ ಕಾಣಿಸಿಕೊಂಡರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎರಡು ತಿಂಗಳು ತಡವೇನಲ್ಲ. ಸತ್ತ ನರಕೋಶಗಳು ಮತ್ತೆ ಹುಟ್ಟಿಬರುವುದಿಲ್ಲ, ನಿಜ. ಆದರೆ ಉಳಿದ ಭಾಗಗಳು ಆ ಕೆಲಸವನ್ನು ನಿಧಾನವಾಗಿ ಕಲಿತುಕೊಳ್ಳುತ್ತವೆ, ಕಲಿಯುವುದು ಮಾಡಿ ಮಾಡಿಯೇ. ಈ ಕಲಿಕೆ ಮೊದಲ ಮೂರು ತಿಂಗಳಲ್ಲಿ ಜೋರಾಗಿರುತ್ತದೆ, ಆರು ತಿಂಗಳವರೆಗೂ ಚೆನ್ನಾಗಿ ಸಾಗುತ್ತದೆ, ಆಮೇಲೆ ವೇಗ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಮಾತಂತೂ ವರ್ಷ ದಾಟಿದ ಮೇಲೂ ಸುಧಾರಿಸುವುದುಂಟು. ಕೈಗಿಂತ ಕಾಲು ಮೊದಲು ಬರುವುದು ತುಂಬಾ ಜನರಲ್ಲಿ ಕಾಣುವ ಸಂಗತಿ, ಹಾಗಾಗಿ ಕಾಲು ಬರುತ್ತಿದೆ ಕೈ ಯಾಕೆ ಬರುತ್ತಿಲ್ಲ ಎಂದು ಈಗಲೇ ಎದೆಗುಂದಬೇಡಿ. ಪೂರ್ತಿ ಮೊದಲಿನ ಹಾಗೆ ಆಗುತ್ತಾರಾ ಎಂದರೆ, ಇಂಥ ತಿಂಗಳಿಗೆ ಇಷ್ಟಾಗುತ್ತದೆ ಎಂದು ಭರವಸೆ ಕೊಡುವವರನ್ನು ನಂಬಬೇಡಿ ಎಂದಷ್ಟೇ ಹೇಳುತ್ತೇನೆ. ಪೆಟ್ಟು ಎಷ್ಟು ದೊಡ್ಡದು, ಎಲ್ಲಿ ಆಗಿದೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ, ಅದು ನಮ್ಮ ಕೈಯಲ್ಲಿಲ್ಲ. ಉಳಿದದ್ದು ದಿನವನ್ನು ಹೇಗೆ ಕಳೆಯುತ್ತೀರಿ ಅನ್ನುವುದರ ಮೇಲಿದೆ.

ನೀವು ಬರೆದದ್ದರಲ್ಲಿ ಫಿಸಿಯೋಥೆರಪಿಯ ಮಾತೇ ಇಲ್ಲ. ನಾವೇ ಮನೆಯವರು ಪ್ರೀತಿಯಿಂದ ಕೈಕಾಲು ಆಡಿಸುತ್ತೇವಲ್ಲ, ಸಾಕಲ್ವಾ ಎಂದು ತುಂಬಾ ಕುಟುಂಬಗಳು ಕೇಳುತ್ತವೆ. ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಅಟೆಂಡ್ ಎಂಬ ಅಧ್ಯಯನ, 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 14 ಆಸ್ಪತ್ರೆ, 1250 ಲಕ್ವ ರೋಗಿಗಳು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿನಲ್ಲಿ ಅದರ ಜೊತೆಗೆ ಮನೆಯವರೊಬ್ಬರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟು ಮನೆಯಲ್ಲಿ ಮಾಡಿಸಲು ಹೇಳಿದರು. ಆರು ತಿಂಗಳಾದ ಮೇಲೆ ನೋಡಿದರೆ ಎರಡೂ ಗುಂಪಿನ ಸ್ಥಿತಿಯಲ್ಲಿ ವ್ಯತ್ಯಾಸ ಇರಲಿಲ್ಲ. ಮನೆಯವರ ಆರೈಕೆ ವ್ಯರ್ಥ ಅಂತ ಇದರ ಅರ್ಥವಲ್ಲ. ಆದರೆ ಮಗಳು, ಹೆಂಡತಿ ಎಷ್ಟೇ ಶ್ರದ್ಧೆಯಿಂದ ಮಾಡಿಸಿದರೂ ಅದು ಕಲಿತ ಥೆರಪಿಸ್ಟ್‌ನ ಕೆಲಸದ ಬದಲಿಗೆ ನಿಲ್ಲುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ದಿನಾ ಆಗದಿದ್ದರೆ ವಾರಕ್ಕೆ ಎರಡು ಮೂರು ಸಲವಾದರೂ ಫಿಸಿಯೋಥೆರಪಿಸ್ಟ್ ನೋಡಲಿ. ಏನು ಮಾಡಿಸಬೇಕು, ಯಾವುದನ್ನು ಮಾಡಿಸಬಾರದು ಅಂತ ಎರಡನ್ನೂ ಕೇಳಿ ತಿಳಿದುಕೊಳ್ಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಸಿಗುತ್ತದಾ ವಿಚಾರಿಸಿ. ಬೆಂಗಳೂರಿಗೆ ಬರಲು ಸಾಧ್ಯವಾದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಮೀಸಲಾದ ನರ ಪುನಶ್ಚೇತನ ವಿಭಾಗ ಇದೆ.

ಮನೆಯವರ ಪಾಲು ಬೇರೆಯೇ. ಥೆರಪಿ ದಿನಕ್ಕೆ ಒಂದು ಗಂಟೆ. ಉಳಿದ ಹೊತ್ತೆಲ್ಲ ಅವರು ಮನೆಯವರ ಜೊತೆಗೇ ಇರುತ್ತಾರೆ. ಆ ಹೊತ್ತಿನಲ್ಲಿ ಮೆದುಳಿಗೆ ಕೆಲಸ ಸಿಗುತ್ತದೋ ಇಲ್ಲವೋ, ಅದನ್ನು ನಿರ್ಧರಿಸುವವರು ನೀವು. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಅಮ್ಮ ಎಲ್ಲವನ್ನೂ ಮಾಡಿಕೊಡುತ್ತಿರುವುದೇ ಈಗ ಅಪ್ಪನಿಗೆ ದೊಡ್ಡ ಅಡ್ಡಿಯಾಗಿರಬಹುದು. ನಲವತ್ತು ವರ್ಷ ಜೊತೆಗಿದ್ದ ಗಂಡ ಅಂಗಿಯ ಒಂದು ಗುಂಡಿ ಹಾಕಲು ಒದ್ದಾಡುವುದನ್ನು ಸುಮ್ನೆ ಕೂತು ನೋಡುವುದು ಯಾವ ಹೆಂಡತಿಗೂ ಸುಲಭವಲ್ಲ. ಅಮ್ಮ ಎದ್ದು ಹಾಕಿಬಿಡುತ್ತಾರೆ, ಅರ್ಧ ನಿಮಿಷದ ಕೆಲಸ. ಆದರೆ ಅವರೇ ಹಾಕಿಕೊಂಡಿದ್ದರೆ ಹತ್ತು ನಿಮಿಷ ಬೇಕಾಗುತ್ತಿತ್ತು, ಆ ಹತ್ತು ನಿಮಿಷವೇ ಅವರ ಚಿಕಿತ್ಸೆ. ಇದನ್ನು ಅಮ್ಮನಿಗೆ ಕೂರಿಸಿಕೊಂಡು ಹೇಳಿ. ಸೇವೆ ಕಡಿಮೆ ಮಾಡಿ ಅಂತ ಹೇಳಬೇಡಿ, ನೋವಾಗುತ್ತದೆ. ಶುರು ಅವರು ಮಾಡಲಿ, ಸಿಕ್ಕಿಹಾಕಿಕೊಂಡ ಕಡೆ ಮಾತ್ರ ಕೈ ಕೊಡಿ ಅಂತ ಹೇಳಿ.

ಅಂಗಿಯದೇ ತೆಗೆದುಕೊಳ್ಳಿ. ಹಾಕುವಾಗ ಮೊದಲು ಬಲಗೈ ತೋಳಿಗೆ ಹೋಗಬೇಕು, ಆಮೇಲೆ ಎಡಗೈ. ಬಿಚ್ಚುವಾಗ ಎಡಗೈ ಮೊದಲು, ಬಲಗೈ ಕೊನೆಗೆ. ಈ ಕ್ರಮ ಗೊತ್ತಾದರೆ ಅರ್ಧ ಕಷ್ಟ ಅಲ್ಲೇ ಹೋಗುತ್ತದೆ. ಪಂಚೆ ಸದ್ಯಕ್ಕೆ ಬೇಡ, ಕಾಲಿಗೆ ತೊಡರುತ್ತದೆ. ಎಲಾಸ್ಟಿಕ್ ಇರುವ ಪೈಜಾಮ ಕೊಡಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು. ನಡೆಸುವಾಗ ಅವರ ಬಲಗಡೆ, ಅಂದರೆ ಶಕ್ತಿ ಇಲ್ಲದ ಕಡೆ ನೀವು ನಿಲ್ಲಬೇಕು. ಕೋಲು ಎಡಗೈಯಲ್ಲಿ. ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ಬಚ್ಚಲಲ್ಲಿ ಕೂತು ಸ್ನಾನ ಮಾಡಲು ಗಟ್ಟಿ ಸ್ಟೂಲ್, ಗೋಡೆಗೊಂದು ಕಂಬಿ, ಕುಕ್ಕರಗಾಲಲ್ಲಿ ಕೂರುವ ಕಕ್ಕಸಾದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ. ಇಷ್ಟಕ್ಕೆ ಖರ್ಚು ಮಾಡಿ, ಬಿದ್ದು ಸೊಂಟ ಮುರಿದುಕೊಂಡರೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಊಟದ ವಿಷಯದಲ್ಲಿ ನಮ್ಮ ಕಡೆ ಒಂದು ತೊಡಕಿದೆ. ಬಲಗೈ ಬಿದ್ದವರು ಎಡಗೈಯಲ್ಲಿ ಉಣ್ಣಬೇಕು, ಅದಕ್ಕೆ ನಾಚಿಕೆ. ಎಡಗೈಯಲ್ಲಿ ತಟ್ಟೆ ಮುಟ್ಟುವುದು ಹೇಗೆ ಅಂತ ರೋಗಿಗೂ ಮುಜುಗರ, ಮನೆಯವರಿಗೂ ಇರಿಸುಮುರಿಸು. ಹಾಗಾಗಿ ತಿನ್ನಿಸುವುದೇ ರೂಢಿಯಾಗಿಬಿಡುತ್ತದೆ. ತೋಟದಲ್ಲಿ ನಾಲ್ಕು ಆಳುಗಳಿಗೆ ಕೆಲಸ ಹೇಳುತ್ತಿದ್ದ ಮನುಷ್ಯನಿಗೆ ಮಗುವಿನ ಹಾಗೆ ಬಾಯಿ ತೆರೆಯುವುದು ಎಷ್ಟು ಹಿಂಸೆ ಎಂದು ಯೋಚಿಸಿ. ಎಡಗೈಗೆ ಚಮಚ ಕೊಡಿ, ಅಂಚು ಎತ್ತರ ಇರುವ ತಟ್ಟೆ ಕೊಡಿ, ತಟ್ಟೆ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಿ. ಮನೆಯವರೆಲ್ಲ ಜೊತೆಗೇ ಕೂತು ಉಣ್ಣಿ, ಕೆಮ್ಮಿದರೆ ನಿಮಗೂ ತಕ್ಷಣ ತಿಳಿಯುತ್ತದೆ. ಚೆಲ್ಲಿದರೆ ಯಾರೂ ಏನೂ ಹೇಳಬೇಡಿ. ಬಲಗೈಯನ್ನು ತೊಡೆಯ ಮೇಲೆ ಬಿಡದೆ ಮೇಜಿನ ಮೇಲೆ, ಅವರ ಕಣ್ಣೆದುರಿಗೆ ಇಡಿಸಿ. ಕೆಲಸಕ್ಕೆ ಬರದಿದ್ದರೂ ಅದು ಲೆಕ್ಕದಲ್ಲಿರಬೇಕು.

ಆ ಬಲ ಭುಜದ ಬಗ್ಗೆ ನನಗೆ ಜಾಸ್ತಿ ಚಿಂತೆ. ಸ್ನಾಯುಗಳ ಬಿಗಿ ಹೋದಾಗ ಕೈಯ ಭಾರಕ್ಕೇ ಭುಜದ ಕೀಲು ಕೆಳಗೆ ಜಗ್ಗುತ್ತದೆ. ಆಗ ಎಬ್ಬಿಸಲು ಆ ಕೈ ಹಿಡಿದು ಎಳೆದರೆ, ಕಂಕುಳಿಗೆ ಕೈ ಹಾಕಿ ಎತ್ತಿದರೆ ಕೀಲು ಇನ್ನಷ್ಟು ಸರಿದು ನೋವು ಶುರುವಾಗುತ್ತದೆ. ನೋವಾದರೆ ವ್ಯಾಯಾಮಕ್ಕೆ ಒಪ್ಪುವುದಿಲ್ಲ, ವ್ಯಾಯಾಮವಿಲ್ಲದಿದ್ದರೆ ಕೈ ಗಟ್ಟಿಯಾಗುತ್ತದೆ. ನೋಡಲು ಬಂದ ನೆಂಟರು ಪ್ರೀತಿಯಿಂದ ಅದೇ ಕೈ ಹಿಡಿದು ಜಗ್ಗುತ್ತಾರೆ, ಅವರಿಗೂ ಹೇಳಿ. ಎಬ್ಬಿಸುವಾಗ ಸೊಂಟದ ಹತ್ತಿರ ಹಿಡಿದುಕೊಳ್ಳಿ. ಕೂತಾಗ ಬಲಗೈ ಕೆಳಗೆ ದಿಂಬು ಇರಲಿ. ಕೆಲವರು ಮನೆಯ ತೊಲೆಗೆ ರಾಟೆ ಕಟ್ಟಿ, ಒಳ್ಳೆಯ ಕೈಯಿಂದ ಹಗ್ಗ ಎಳೆದು ಬಿದ್ದ ಕೈಯನ್ನು ತಲೆ ಮೇಲೆ ಎತ್ತಿಸುತ್ತಾರೆ. ಲಕ್ವದ ಭುಜಕ್ಕೆ ಇದು ಬೇಡ, ಭುಜದ ನೋವು ಹೆಚ್ಚುತ್ತದೆ. ಬಿಸಿನೀರಿನ ಚೀಲವೂ ಬೇಡ, ಸ್ಪರ್ಶ ಗೊತ್ತಾಗದ ಚರ್ಮ ಸುಟ್ಟರೂ ತಿಳಿಯುವುದಿಲ್ಲ.

ಮಾತಿನ ವಿಷಯಕ್ಕೆ ಬರೋಣ. ಬಲಗೈಯವರಲ್ಲಿ ಸಾಮಾನ್ಯವಾಗಿ ಭಾಷೆಯ ಕೇಂದ್ರಗಳು ಮೆದುಳಿನ ಎಡಭಾಗದಲ್ಲಿರುತ್ತವೆ. ಅದಕ್ಕೇ ಬಲಗಡೆ ಬಿದ್ದವರಲ್ಲಿ ಮಾತು ಹೋಗುವುದು ಹೆಚ್ಚು. ಇದಕ್ಕೆ ಅಫೇಸಿಯಾ ಅಂತ ಹೆಸರು. ಅವರ ಬುದ್ಧಿ ಹೋಗಿಲ್ಲ, ಕಿವಿಯೂ ಹೋಗಿಲ್ಲ. ಯಾರನ್ನು ಕಂಡರೂ ಅವರಿಗೆ ಇವರು ಇಂಥವರು ಅಂತ ಗೊತ್ತು, ಹೆಸರು ಬಾಯಿಗೆ ಬರುವುದಿಲ್ಲ. ಕೆಲವರಿಗೆ ಬೇರೆಯವರ ಮಾತು ಅರ್ಥವಾಗುವುದರಲ್ಲೂ ಸ್ವಲ್ಪ ತೊಡಕಿರುತ್ತದೆ, ಉದ್ದ ವಾಕ್ಯ ಹೇಳಿದರೆ ಅರ್ಧ ತಪ್ಪಿಹೋಗುತ್ತದೆ. ಹೌದು ಎನ್ನಲು ಹೋಗಿ ಇಲ್ಲ ಎಂದುಬಿಡುವುದೂ ಉಂಟು, ಆದ್ದರಿಂದ ಮುಖ್ಯವಾದದ್ದನ್ನು ಇನ್ನೊಂದು ಸಲ ತಿರುಗಿಸಿ ಕೇಳಿ.

ನಿಮ್ಮ ತಮ್ಮ ದಿನಾ ರಾತ್ರಿ ವಿಡಿಯೋ ಕಾಲ್‌ನಲ್ಲಿ ಏನು ಮಾತಾಡಿಸುತ್ತಾನೆ ಎಂದು ನೀವು ಬರೆದಿಲ್ಲ. ಸಾಮಾನ್ಯವಾಗಿ ಮನೆಗಳಲ್ಲಿ ನಡೆಯುವುದು ಇದು: "ಅಪ್ಪಾ, ನಾನ್ಯಾರು ಹೇಳಿ? ಹೆಸರು ಹೇಳಿ, ಹೇಳಿ ನೋಡೋಣ!" ಅವರು ಒದ್ದಾಡುತ್ತಾರೆ, ಆಗುವುದಿಲ್ಲ, ಅಳುತ್ತಾರೆ. ದಿನಾ ರಾತ್ರಿ ಎಲ್ಲರೆದುರು ಪರೀಕ್ಷೆ ಬರೆಸಿ ಫೇಲ್ ಮಾಡಿದ ಹಾಗಾಗುತ್ತದೆ. ಹೀಗಿದ್ದರೆ ತಮ್ಮನಿಗೆ ನಿಲ್ಲಿಸಲು ಹೇಳಿ. ಅದರ ಬದಲು ಅವನ ದಿನದ ಸುದ್ದಿ ಹೇಳಲಿ, ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ. ಎಪಿಎಂಸಿಯಲ್ಲಿ ಕೊಬ್ಬರಿ ರೇಟು ಎಷ್ಟಾಗಿದೆ ನೋಡಿ ಬರೆದು ತೋರಿಸಲಿ. "ಈಗ ಮಾರೋಣವಾ, ಕಾಯೋಣವಾ?" ಎಂದು ಕೇಳಿ ಸುಮ್ಮನಿರಲಿ, ತಲೆ ಅಲ್ಲಾಡಿಸಿಯೋ ಕೈ ತೋರಿಸಿಯೋ ಅಪ್ಪ ಉತ್ತರ ಕೊಡುತ್ತಾರೆ. ಅದು ನಿಜವಾದ ಮಾತುಕತೆ. ಮನೆಯಲ್ಲೂ ಅಷ್ಟೇ, ಒಂದು ಸಲಕ್ಕೆ ಒಂದೇ ಪ್ರಶ್ನೆ, ಟಿವಿ ಆಫ್, ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಅವರು ತಡವರಿಸಿದ ತಕ್ಷಣ ನೀವೇ ಪದ ಕೊಟ್ಟುಬಿಡಬೇಡಿ. ಒಂದು ನೋಟ್‌ಬುಕ್‌ನಲ್ಲಿ ತೋಟ, ಬೋರ್‌ವೆಲ್ ಮೋಟರ್, ಊಟ, ಕಕ್ಕಸು, ನೋವು, ಮನೆಯವರ ಫೋಟೋ ಅಂಟಿಸಿ ಕೈಗೆ ಸಿಗುವ ಹಾಗೆ ಇಡಿ. ಅವರ ಎದುರಿಗೇ ಅವರ ಬಗ್ಗೆ ಅವರಿಲ್ಲದ ಹಾಗೆ ಮಾತಾಡಬೇಡಿ, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಇನ್ನೊಂದು ಸಂಗತಿ. ಸ್ವಂತವಾಗಿ ಒಂದು ಪದ ಆಡಲಾಗದವರೂ ಬಾಯಿಪಾಠ ಇರುವುದನ್ನು ಹೇಳಬಲ್ಲರು. ಒಂದು ಎರಡು ಮೂರು, ಸೋಮವಾರ ಮಂಗಳವಾರ, ಭಜನೆಯ ಪದ, ದೇವರನಾಮ. ನೀವು ಶುರು ಮಾಡಿ, ಅವರು ಜೊತೆಗೂಡುತ್ತಾರಾ ನೋಡಿ. ಹಾಡಿನ ದಾರಿಯಿಂದ ಮಾತಿಗೆ ಬರುವ ಚಿಕಿತ್ಸೆಯೇ ಇದೆ. ಮೊದಲ ಸಲ ಅಪ್ಪನ ದನಿ ಕೇಳಿದಾಗ ಅಮ್ಮನಿಗೆ ಆಗುವ ಸಮಾಧಾನಕ್ಕಾದರೂ ಇದನ್ನು ಮಾಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ಕನ್ನಡದಲ್ಲೇ ಪರೀಕ್ಷೆ ಮಾಡಿ ಕನ್ನಡದಲ್ಲೇ ಥೆರಪಿ ಕೊಡುತ್ತಾರೆ, ನುಂಗುವ ತೊಂದರೆಯನ್ನೂ ನೋಡುತ್ತಾರೆ. ತಿಪಟೂರಿನಿಂದ ಪದೇ ಪದೇ ಹೋಗುವುದು ಕಷ್ಟ, ಒಪ್ಪುತ್ತೇನೆ. ಒಮ್ಮೆ ಹೋಗಿ ತೋರಿಸಿ, ಮುಂದಿನದ್ದನ್ನು ಫೋನ್ ಅಥವಾ ವಿಡಿಯೋ ಮೂಲಕ ಮಾಡಬಹುದಾ ಎಂದು ಕೇಳಿ.

ಅಳು ಎರಡು ಥರ ಇರುತ್ತದೆ. ಒಂದು, ಮೆದುಳಿನ ಪೆಟ್ಟಿನಿಂದ ಅಳು ಅಥವಾ ನಗುವಿನ ಮೇಲೆ ಹಿಡಿತ ತಪ್ಪುವುದು. ಹತ್ತಿರದವರನ್ನು ಕಂಡ ಕೂಡಲೇ ಉಕ್ಕಿ ಬರುತ್ತದೆ, ಒಂದೆರಡು ನಿಮಿಷಕ್ಕೆ ನಿಲ್ಲುತ್ತದೆ. ಅದಕ್ಕೆ ಗಾಬರಿಯಾಗಿ ಎಲ್ಲರೂ ಸುತ್ತ ನಿಲ್ಲಬೇಡಿ, ಮಾತು ಬದಲಿಸಿ. ಇನ್ನೊಂದು ಖಿನ್ನತೆ. ಲಕ್ವ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ನಿದ್ದೆ ಇಲ್ಲ, ಊಟ ಬೇಡ, ವ್ಯಾಯಾಮಕ್ಕೆ ಏಳುವುದಿಲ್ಲ, ಗೋಡೆ ಕಡೆ ತಿರುಗಿ ಮಲಗುತ್ತಾರೆ. ಮನೆಯವರು ಇದನ್ನು ಹಟ ಅಂದುಕೊಳ್ಳುತ್ತಾರೆ. ಧೈರ್ಯ ತಂದುಕೊಳ್ಳಿ ಅಂದರೆ ಇದು ಹೋಗುವುದಿಲ್ಲ, ಎರಡು ವಾರಕ್ಕಿಂತ ಹೆಚ್ಚು ಹೀಗಿದ್ದರೆ ಡಾಕ್ಟರಿಗೆ ಹೇಳಿ, ಎರಡು ಥರದ ಅಳುವಿಗೂ ಔಷಧಿ ಇದೆ. ನೋಡಲು ಬಂದು ಎದುರಿಗೆ ಕೂತು ಲೊಚಗುಟ್ಟುವ ನೆಂಟರನ್ನು ಸ್ವಲ್ಪ ದಿನ ಹೊರಗಿನ ಜಗುಲಿಯಲ್ಲೇ ಮಾತಾಡಿಸಿ ಕಳಿಸಿ. ಯಾರು ಅವರ ಜೊತೆ ಎಂದಿನ ಹಾಗೆ ಇರುತ್ತಾರೋ ಅವರನ್ನು ಒಳಗೆ ಬಿಡಿ.

ಚಿಕ್ಕಪ್ಪನ ಪಾರಿವಾಳದ ರಕ್ತ. ಅಣ್ಣನ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಜಗಳ ಬೇಡ. ಆದರೆ ತೊಂದರೆ ಇರುವುದು ಮೆದುಳಿನ ರಕ್ತನಾಳದಲ್ಲಿ, ಚರ್ಮದ ಮೇಲೆ ಏನು ಹಚ್ಚಿದರೂ ಅಲ್ಲಿಗೆ ತಲುಪುವುದಿಲ್ಲ. ಬೆಚ್ಚಗಿನ ಎಣ್ಣೆ ನವಿರಾಗಿ ತಿಕ್ಕುತ್ತೇನೆ ಅಂದರೆ ತಿಕ್ಕಲಿ, ಜೋರಾಗಿ ನೀವುವುದು, ಜಗ್ಗುವುದು ಬೇಡ. ನನಗೆ ಭಯ ಬೇರೆಯದು. ಇಂಥ ಔಷಧಿ ಕೊಡುವ ಕೆಲವರು ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಅನ್ನುತ್ತಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಮಾತ್ರೆ, ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಯಾವುದನ್ನೂ ಡಾಕ್ಟರು ಹೇಳದೆ ಒಂದು ದಿನವೂ ನಿಲ್ಲಿಸಬಾರದು. ಆಸ್ಪತ್ರೆಗೆ ಬರುವ ಲಕ್ವಗಳಲ್ಲಿ ಸುಮಾರು ನಾಲ್ಕರಲ್ಲೊಂದು ಈ ಮೊದಲೇ ಒಮ್ಮೆ ಆದವರದು. ಚಿಕ್ಕಪ್ಪನಿಗೆ ಒಂದು ಜವಾಬ್ದಾರಿ ಕೊಡಿ, ಮನೆಗೊಂದು ಬಿಪಿ ಮಿಷನ್ ತಂದು ದಿನಾ ಬೆಳಿಗ್ಗೆ ನೋಡಿ ಬರೆದಿಡಲಿ. ಸಾಮಾನ್ಯವಾಗಿ 130/80ರ ಒಳಗಿರಬೇಕು ಅನ್ನುತ್ತೇವೆ, ನಿಮ್ಮ ತಂದೆಗೆ ಎಷ್ಟಿರಬೇಕೆಂದು ಅವರ ಡಾಕ್ಟರನ್ನು ಕೇಳಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮನೆಯವರೆಲ್ಲ ಕಡಿಮೆ ಮಾಡಿ, ಅವರೊಬ್ಬರ ತಟ್ಟೆಯಿಂದ ಮಾತ್ರ ತೆಗೆದರೆ ಅದು ಶಿಕ್ಷೆಯಾಗುತ್ತದೆ. ಬೀಡಿ ಅಥವಾ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪಿನ ಅಭ್ಯಾಸವಿದ್ದರೆ, ಪಾಪ ಆಸೆ ಪಡ್ತಾರೆ ಅಂತ ಯಾರೂ ಗುಟ್ಟಾಗಿ ತಂದುಕೊಡಬಾರದು. ಮತ್ತೆ ಮುಖ ಸೊಟ್ಟಗಾದರೆ, ಇನ್ನೊಂದು ಕೈ ಸೋತರೆ, ಇದ್ದ ಮಾತು ಅಥವಾ ಎಚ್ಚರ ಇದ್ದಕ್ಕಿದ್ದಂತೆ ತಪ್ಪಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸಿಟಿ ಸ್ಕ್ಯಾನ್ ಇರುವ ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಇವತ್ತೇ ಗೊತ್ತು ಮಾಡಿಟ್ಟುಕೊಳ್ಳಿ.

ಕೊನೆಗೆ ನಿಮ್ಮ ಕೆಲಸ. ಬಿಡಬೇಡಿ. ನಿಮ್ಮ ಮನೆಯ ವಿವರ ಪೂರ್ತಿ ಗೊತ್ತಿಲ್ಲದೆ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಇದು ತಿಂಗಳುಗಟ್ಟಲೆ ನಡೆಯುವ ಕೆಲಸ. ಇದಕ್ಕೆ ದುಡ್ಡು ಬೇಕು, ನಿಮ್ಮ ಸಂಬಳ ಬೇಕು, ಮನೆಯಲ್ಲಿ ಒಬ್ಬರಾದರೂ ಹೊರಗೆ ಹೋಗಿ ಬರುವವರು ಬೇಕು. ನೀವು ರಜೆ ಹಾಕಿ ಪಕ್ಕದಲ್ಲಿ ಕೂತಷ್ಟೂ ಅಪ್ಪನಿಗೂ ನನ್ನಿಂದ ಮಗಳ ಬದುಕು ನಿಂತಿತು ಅನ್ನಿಸುತ್ತದೆ, ಹೇಳಲು ಮಾತಿಲ್ಲ ಅಷ್ಟೆ. ಆದರೆ ಹೋಗುವ ಮುಂಚೆ ಅಮ್ಮನಿಗೆ ಏರ್ಪಾಡು ಮಾಡಿ. ಅವರ ವಯಸ್ಸೆಷ್ಟು, ಬಿಪಿ ಶುಗರ್ ಇದೆಯಾ, ಅವರ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ? ಪತ್ರದಲ್ಲಿ ಅವರ ಆರೋಗ್ಯದ ಬಗ್ಗೆ ಒಂದು ಪದ ಇಲ್ಲ. ರಾತ್ರಿ ಎರಡು ಮೂರು ಸಲ ಎದ್ದು, ಒಬ್ಬರೇ ಗಂಡಸಿನ ಭಾರ ಎತ್ತಿ, ಅವರ ಸೊಂಟವೂ ಹಿಡಿದರೆ ನೀವು ಇಬ್ಬರನ್ನು ನೋಡಿಕೊಳ್ಳಬೇಕಾಗುತ್ತದೆ. ತಮ್ಮ ತಿಂಗಳಿಗೆ ಎರಡು ಶನಿವಾರ ಭಾನುವಾರ ಬರಲಿ, ಆ ಎರಡು ರಾತ್ರಿ ಅಪ್ಪನ ಪಕ್ಕ ಅವನೇ ಮಲಗಲಿ, ಅಮ್ಮ ಬೇರೆ ಕೋಣೆಯಲ್ಲಿ ನಿದ್ದೆ ಮಾಡಲಿ. ಬರಲಾಗದ ವಾರ, ಸ್ನಾನ ಮಾಡಿಸಲು ಬೆಳಿಗ್ಗೆ ಎರಡು ಗಂಟೆ ಒಬ್ಬ ಹುಡುಗನನ್ನು ಗೊತ್ತು ಮಾಡಿ ಅವನ ಕೂಲಿ ತಮ್ಮ ಕೊಡಲಿ. ಚಿಕ್ಕಪ್ಪ ಸಂಜೆ ಒಂದು ಗಂಟೆ ಅಪ್ಪನ ಜೊತೆ ಇದ್ದರೆ ಅಮ್ಮ ದೇವಸ್ಥಾನಕ್ಕೋ ಪಕ್ಕದ ಮನೆಗೋ ಹೋಗಿ ಬರಬಹುದು. ಯಾರು ಯಾವ ಹೊತ್ತು ಅನ್ನುವುದನ್ನು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಬರೆಯದಿದ್ದರೆ ಎಲ್ಲವೂ ತಿರುಗಿ ಅಮ್ಮನ ಮೇಲೆಯೇ ಬೀಳುತ್ತದೆ. ನುಂಗುವ ಪರೀಕ್ಷೆ ಆದ ಮೇಲೆ ಅವರು ಏನು ಹೇಳಿದರು ಎಂದು ಬರೆಯಿರಿ, ಊಟದ ವಿಷಯ ಅದನ್ನು ನೋಡಿಕೊಂಡು ಹೇಳುತ್ತೇನೆ.